ನಾಲ್ಕುನೂರ ಹದಿನೇಳನೇ ಹೇಸರಗತ್ತೆಯ ಹೆಸರು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನನ್ನ ತವರು ಎಮ್ಮೆದೊಡ್ಡಿ ಕಡೆ. ನಮ್ಮವ್ವನಿಗೆ ದನ ಮೇಯುವ ಕಾವಲಿನ ಹುಲ್ಲು ಅಲ್ಲಾಡಿದರೂ ಗಾಳಿ ಸೋಕು, ಹಸು ಹಾಲು ಕಡಿಮೆ ಕೊಟ್ಟರೂ ಗಾಳಿ ಸೋಕು. ನಾನು ಮಾತ್ರ ಕಣ್ಣಿಗೆ ಕಂಡರೆ ಆಮೇಲೆ ನೋಡೋಣ ಎಂದು ವಾದ ಹೂಡಿ ಬೈಸಿಕೊಳ್ಳುತ್ತಿದ್ದೆ. ಕಡೂರಿನಲ್ಲಿ ಅರ್ಜಿ ಟೈಪ್ ಮಾಡುವ ಅಂಗಡಿ ಇಟ್ಟು ಇಪ್ಪತ್ತೈದು ವರ್ಷ ದಾಟಿತು. ಬದುಕಿರುವವರು ಸತ್ತವರ ಪಟ್ಟಿಯಲ್ಲಿ, ಸತ್ತವರು ರೇಷನ್ ಕಾರ್ಡಿನಲ್ಲಿ ಇರುವುದನ್ನು ದಿನಾ ನೋಡುವವಳಿಗೆ ಬೇರೆ ದೆವ್ವ ಯಾಕೆ ಬೇಕು ಹೇಳಿ?

ನನ್ನದೊಂದು ನಿಯಮವಿದೆ. ಬಂದವರು ಏನು ಹೇಳುತ್ತಾರೋ ಅದನ್ನೇ ಟೈಪ್ ಮಾಡುವುದು. ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷ್ ಮಾಡುತ್ತೇನೆ, ಅಷ್ಟೇ. ಹೇಳದೆ ಇರುವ ಒಂದು ಮಾತನ್ನೂ ನನ್ನ ಕೈಯಿಂದ ಸೇರಿಸುವುದಿಲ್ಲ. ಇದನ್ನು ಬಂದವರೆದುರಿಗೆಲ್ಲ ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಆ ಜಂಬ ಇಳಿದದ್ದು ಮೂರು ವರ್ಷದ ಹಿಂದೆ.

ಸಿಂಗಟಗೆರೆ ಹತ್ತಿರದ ಹಳ್ಳಿಯಿಂದ ರುದ್ರಪ್ಪ ಎಂಬ ಹಿರಿಯರು ನನ್ನ ಅಂಗಡಿಗೆ ಬರುತ್ತಿದ್ದರು. ವಯಸ್ಸು ಎಪ್ಪತ್ತೇಳು, ಬೆನ್ನು ಮಾತ್ರ ಗೂಟ ಹೊಡೆದ ಹಾಗೆ ನೆಟ್ಟಗೆ. ಮಿಲ್ಟ್ರಿಯಲ್ಲಿ ಹೇಸರಗತ್ತೆ ನಡೆಸುತ್ತಿದ್ದವರು. ಗಾಡಿ ಹೋಗದ ಬೆಟ್ಟಕ್ಕೆ ಗುಂಡು, ರೊಟ್ಟಿ, ನೀರು ಎಲ್ಲವನ್ನೂ ಹೇಸರಗತ್ತೆಯ ಬೆನ್ನ ಮೇಲೆ ಹೇರಿಕೊಂಡು ಹೋಗುವ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ ಒಂದು ಶೆಲ್ ಸಿಡಿದು ಅದರ ಚೂರು ಅವರ ಬಲತೊಡೆಗೆ ಹೊಕ್ಕಿತು. ಚೂರು ತೆಗೆದು ಹೊಲಿಗೆ ಹಾಕಿದರು. ಇಷ್ಟು ಅವರು ಹೇಳುವುದು.

ಮಿಲ್ಟ್ರಿ ಬಿಡುವಾಗ ಕೊಟ್ಟ ಅವರ ಡಿಸ್ಚಾರ್ಜ್ ಬುಕ್ಕು ಹೇಳುವುದೇ ಬೇರೆ. ಅದರಲ್ಲಿ ಬರೆದಿರುವುದು, 'ಕಾಳಗದ ಜಾಗದಿಂದ ದೂರ ಹಿಂದಿದ್ದ ಲಾಯದಲ್ಲಿ ಹೇಸರಗತ್ತೆ ಒದ್ದು ಬಲತೊಡೆಗೆ ಪೆಟ್ಟು'. ಲಾಯದಲ್ಲಿ ಒದೆ ತಿಂದವನಿಗೆ ಕಾಳಗದಲ್ಲಿದ್ದವರಿಗೆ ಕೊಡುವ ಸ್ಟಾರ್ ಪದಕ ಯಾಕೆ ಕೊಡುತ್ತಾರೆ? ಗಾಯಾಳುಗಳ ಪದಕವಂತೂ ದೂರದ ಮಾತು. ಎರಡೂ ಸಿಗಲಿಲ್ಲ. ಅದೂ ಹೋಗಲಿ, ಊರಿನ ಯಾರೋ ಪುಣ್ಯಾತ್ಮ ಆ ಬುಕ್ಕನ್ನು ಓದಿಬಿಟ್ಟ. ಅವತ್ತಿನಿಂದ ಅವರು ಊರಿಗೆಲ್ಲ 'ಒದೆ ರುದ್ರಪ್ಪ'. ಶಾಲೆಯಲ್ಲಿ ಬಾವುಟ ಹಾರಿಸುವ ದಿನ ಮುಂದಿನ ಕುರ್ಚಿ ಕೊಡುತ್ತಿದ್ದರು, ಆದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುತ್ತಿದ್ದರು. ಮೊದಲ ದಿನವೇ ಅವರು ನನಗೆ ಹೇಳಿದ್ದು ಇದು:

"ತಾಯಿ, ನಂಗೆ ಪದಕ ಇಟ್ಕೊಂಡು ಉಪ್ಪಿನಕಾಯಿ ಹಾಕ್ಬೇಕಾಗಿಲ್ಲ. ನಾನು ಸಾಯೋದ್ರೊಳಗೆ ಆ ಒದೆ ಅನ್ನೋದು ನನ್ನ ಹೆಸ್ರಿಂದ ಹೋಗ್ಬೇಕು."

ನಾಲ್ಕು ಅರ್ಜಿ ಬರೆದೆವು. ಉತ್ತರದ ಕಡೆ ಎಲ್ಲೋ ಇರುವ ಅವರ ರೆಕಾರ್ಡ್ ಆಫೀಸಿನಿಂದ ಮೂರಕ್ಕೆ 'ದಾಖಲೆಯಂತೆ ಅವಕಾಶವಿಲ್ಲ' ಎಂದು ಒಂದೇ ಉತ್ತರ ಬಂತು. ನಾಲ್ಕನೆಯದಕ್ಕೆ ಮಾತ್ರ ವಿವರವಾಗಿ ಬರೆದಿದ್ದರು. ಆ ದಿನ ಆ ಜಾಗದಲ್ಲಿ ಶೆಲ್ಲಿನ ಚೂರು ಬಿದ್ದು ಗಾಯವಾದದ್ದು ಹೌದು, ಆದರೆ ಗಾಯಾಳು ಒಬ್ಬರೇ. ಹೇಸರಗತ್ತೆ ನಂಬರ್ ನಾಲ್ಕುನೂರ ಹದಿನೇಳು.

ಓದುತ್ತಾ ಓದುತ್ತಾ ನನಗೆ ನಗು ತಡೆಯಲಾಗಲಿಲ್ಲ. ಕುಡಿಯುತ್ತಿದ್ದ ಟೀ ಮೂಗಿಗೆ ಬಂತು. ತಲೆ ಎತ್ತಿ ನೋಡಿದರೆ ರುದ್ರಪ್ಪನವರು ನಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

"ಒಂದೇ ಶೆಲ್ಲು ಕಣವ್ವ. ಇಬ್ರಿಗೂ ಬಿತ್ತು. ಇಬ್ರನ್ನೂ ಬೆಟ್ಟದ ಕೆಳಗಿಂದ ಒಂದೇ ಗಾಡೀಲಿ ಹಾಕ್ಕೊಂಡು ಬಂದ್ರು. ಗುಮಾಸ್ತ ಅದಕ್ಕೆ ಚೂರು ಬರ್ದ, ನಂಗೆ ಒದೆ ಬರ್ದ," ಎಂದರು.

ಸಾಕ್ಷಿ ಇದ್ದರೆ ಕಳಿಸಿ ಎಂದು ಆ ಪತ್ರದಲ್ಲಿತ್ತು. ಅವರ ಜೊತೆಗಿದ್ದವರಲ್ಲಿ ಉಳಿದಿದ್ದವರು ಅಜ್ಜಂಪುರದ ಮರುಳಪ್ಪ ಒಬ್ಬರೇ. ಬೀರೂರಿಗೆ ಹೋಗಿ ರೈಲು ಹತ್ತಿ ಇಬ್ಬರೂ ಹೋದೆವು. ಮರುಳಪ್ಪನವರು ಜಗಲಿಯ ಮೇಲೆ ಕೂತಿದ್ದರು. ಯುದ್ಧ ಜ್ಞಾಪಕವಿದೆಯಾ ಎಂದರೆ, ಇಲ್ಲದೆ ಏನು, ಎಂದರು. ಹೇಸರಗತ್ತೆ ರುದ್ರಪ್ಪನವರ ಜ್ಞಾಪಕ ಇದೆಯಾ ಎಂದೆ. ಅವರ ಕಣ್ಣು ತುಂಬಿಬಂತು.

"ಒಳ್ಳೇ ಹುಡ್ಗ. ನನ್ನ ಕಣ್ಣೆದುರಿಗೇ ಶೆಲ್ ಬಿದ್ದು ಸತ್ತೋದ."

"ಲೇ ಮರುಳ, ನಾನೇ ಕಣೋ ರುದ್ರಪ್ಪ!"

"ಪಾಪ, ಇನ್ನೂ ಮದ್ವೆನೂ ಆಗಿರ್ಲಿಲ್ಲ," ಎಂದು ಮರುಳಪ್ಪನವರು ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ರುದ್ರಪ್ಪನವರು ಪಂಚೆ ಸರಿಸಿ ತೊಡೆಯ ಗಾಯದ ಗುರುತು ತೋರಿಸಿದರೂ ಅವರು ಒಪ್ಪಲಿಲ್ಲ. ಆ ಸಾಕ್ಷಿ ಬರೆಸಿ ಕಳಿಸಿದ್ದರೆ ಸ್ಟಾರ್ ಬರುತ್ತಿತ್ತೋ ಏನೋ, ಪೆನ್ಶನ್ ಅಂತೂ ನಿಂತುಹೋಗುತ್ತಿತ್ತು. ಕೊಟ್ಟ ಮಂಡಕ್ಕಿ ತಿಂದು ವಾಪಸ್ ರೈಲು ಹತ್ತಿದೆವು. ಬೀರೂರಿನಲ್ಲಿ ಇಳಿಯುವಾಗ ರುದ್ರಪ್ಪನವರು, "ಇನ್ನೊಂದೇ ಒಂದು ಅರ್ಜಿ ಹಾಕಿ ಬಿಟ್ಬಿಡಣ," ಎಂದರು.

ಆ ಐದನೇ ಅರ್ಜಿಯ ದಿನವನ್ನು ನಾನು ಮರೆಯುವುದಿಲ್ಲ. ಊಟದ ಹೊತ್ತು ಕಳೆದಿತ್ತು, ರಣರಣ ಬಿಸಿಲು, ಅಂಗಡಿಯಲ್ಲಿ ನಾವಿಬ್ಬರೇ. ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಪ್ರಿಂಟ್ ತೆಗೆದು ಕೊಟ್ಟೆ. ಅವರು ಮಿಲ್ಟ್ರಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ನಿಧಾನಕ್ಕೆ ಓದುವವರು. ಬೆರಳು ಒಂದು ಕಡೆ ನಿಂತಿತು.

"ಈ ಹೆಸ್ರು ನಿಂಗ್ಯಾರು ಹೇಳಿದ್ರು?"

ಇಣುಕಿದೆ. 'ನಾನು ಹೊನ್ನಿ ಎಂದು ಕರೆಯುತ್ತಿದ್ದ ಹೇಸರಗತ್ತೆ ನಂಬರ್ 417 ನನ್ನ ಮುಂದೆ ನಿಂತಿತ್ತು' ಎಂದು ಇಂಗ್ಲಿಷಿನಲ್ಲಿತ್ತು.

"ನೀವೇ ಹೇಳಿದ್ರಲ್ಲ ಯಜಮಾನ್ರೇ."

"ನನ್ನ ನಾಲ್ಗೆ ಸೇದೋಗ್ಲಿ, ನಾನು ಹೇಳಿಲ್ಲ. ಐವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ!"

ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದಕ್ಕೆ ಹಾಕಿ ಬಂದರು. ಆಮೇಲೆ ಪಿಸುಮಾತಿನಲ್ಲಿ ವಿಷಯ ಬಿಚ್ಚಿದರು. ಯುದ್ಧಕ್ಕೆ ಮೊದಲು ರಜದಲ್ಲಿ ಬಂದಾಗ ತರೀಕೆರೆ ಕಡೆಯ ಹುಡುಗಿಯ ಜೊತೆ ಅವರ ನಿಶ್ಚಿತಾರ್ಥವಾಗಿತ್ತು. ಹುಡುಗಿಯ ಹೆಸರು ಹೊನ್ನಮ್ಮ, ತವರಿನಲ್ಲಿ ಎಲ್ಲರ ಬಾಯಲ್ಲೂ ಹೊನ್ನಿ. ವಾಪಸ್ ಹೋದವರಿಗೆ ಅದೇ ಧ್ಯಾನ. ಪ್ರಾಣಿಗಳಿಗೆ ನಂಬರ್ ಬಿಟ್ಟು ಹೆಸರು ಇಡುವ ಹಾಗಿಲ್ಲ, ಆದರೂ ತಮ್ಮ ಹೇಸರಗತ್ತೆಯನ್ನು ಗುಟ್ಟಾಗಿ ಹೊನ್ನಿ ಎಂದು ಕರೆಯತೊಡಗಿದರು. ಯುದ್ಧ ಮುಗಿದು ಮದುವೆಯಾಯಿತು. ಮನೆಯಲ್ಲಿ ಅಣ್ಣನ ಹೆಂಡತಿಯ ಹೆಸರೂ ಹೊನ್ನಮ್ಮ. ಒಂದೇ ಮನೆಯಲ್ಲಿ ಇಬ್ಬರು ಸೊಸೆಯರಿಗೆ ಒಂದೇ ಹೆಸರಾದರೆ ಕರೆಯುವುದು ಹೇಗೆ, ಬೈಯುವುದು ಹೇಗೆ? ನಮ್ಮ ಕಡೆ ಮಾಡುವಂತೆ ಬಂದ ಸೊಸೆಯ ಹೆಸರು ಬದಲಾಯಿಸಿ ಶಾರದಮ್ಮ ಎಂದಿಟ್ಟರು. ಹೊನ್ನಿ ಎಂಬ ಹೆಸರು ಅಲ್ಲಿಗೆ ಮುಗಿಯಿತು.

"ಕತ್ತೆಗಿಟ್ಟಿದ್ದು ಅತ್ತಿಗೆ ಹೆಸ್ರು ಅಂದ್ಕೊಂಡ್ರೆ ಅಣ್ಣ ದೊಣ್ಣೆ ತಗೋತಿದ್ದ. ಹೆಂಡ್ತಿ ಹೆಸ್ರು ಅಂತ ಗೊತ್ತಾದ್ರೆ ಇವ್ಳು ಸೌದೆ ತಗೋತಾಳೆ. ಎಲ್ಲಿ ಬಾಯಿ ಬಿಡ್ಲಿ? ಅದು ಜೀವ ಬಿಡುವಾಗ ಪಕ್ಕದಲ್ಲಿದ್ದ ದನದ ಡಾಕ್ಟ್ರಿಗೆ ಒಬ್ರಿಗೆ ಹೇಳಿದ್ದೆ, ಅಳ್ತಾ. ತೆಗ್ದುಬಿಡು ತಾಯಿ, ನಿನ್ನ ದಮ್ಮಯ್ಯ!"

ಶೆಲ್ಲಿಗೆ ಹೆದರದ ಮನುಷ್ಯ ಹೆಂಡತಿಗೆ ಹೆದರಿ ನಡುಗುತ್ತಿದ್ದರು. ನಾನು ನಗುತ್ತಲೇ ಆ ಹೆಸರನ್ನು ಅಳಿಸಿದೆ. ಹೇಳುತ್ತಾ ಹೇಳುತ್ತಾ ಇವರ ಬಾಯಿಂದ ಜಾರಿರಬೇಕು, ಈಗ ಭಯಕ್ಕೆ ಇಲ್ಲ ಅನ್ನುತ್ತಿದ್ದಾರೆ ಎಂದುಕೊಂಡೆ. ಹಳೆಯ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಹೊಸದಾಗಿ ಎರಡು ಪ್ರತಿ ತೆಗೆದೆ. ಎರಡನ್ನೂ ಅವರು ಬೆರಳಿಟ್ಟು ಎರಡೆರಡು ಸಲ ಓದಿದರು, ನಾನೂ ಓದಿದೆ. ಹೊನ್ನಿ ಇರಲಿಲ್ಲ. ಸಹಿ ಹಾಕುವಾಗ ಪೆನ್ನು ಕೈಕೊಟ್ಟಿತು. ಅವರು ಕೊಡವಿದ್ದಕ್ಕೆ, ಕಳಿಸಬೇಕಾದ ಪ್ರತಿಯಲ್ಲಿ ಸಹಿಯ ಪಕ್ಕ ಕಡಲೆಕಾಳಿನಷ್ಟು ಶಾಯಿ ಬಿತ್ತು. ಇನ್ನೊಮ್ಮೆ ಪ್ರಿಂಟ್ ತೆಗೆಯಲೇ ಎಂದೆ. ಬೇಡ ಎಂದರು. ಲಕೋಟೆಗೆ ನಾನೇ ಹಾಕಿದೆ, ಅವರೇ ಅಂಟಿಸಿದರು, ಇಬ್ಬರೂ ಹೋಗಿ ರಿಜಿಸ್ಟರ್ ಪೋಸ್ಟ್ ಮಾಡಿ ಬಂದೆವು. ಇದನ್ನೆಲ್ಲ ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಎಂಬುದು ಈಗ ತಿಳಿಯುತ್ತದೆ.

ಆರು ತಿಂಗಳಾದ ಮೇಲೆ ರುದ್ರಪ್ಪನವರು ದಪ್ಪನೆಯ ಲಕೋಟೆ ಹಿಡಿದು ಬಂದರು, ಒಡೆದಿರಲಿಲ್ಲ. ಜೊತೆಗೆ ಶಾರದಮ್ಮನವರೂ ಇದ್ದರು. ಕಣ್ಣು ತೋರಿಸಲು ಕಡೂರಿಗೆ ಬಂದಿದ್ದರಂತೆ. ಸಣ್ಣಗಿನ ಹೆಂಗಸು, ದೊಡ್ಡ ಕುಂಕುಮ, ಯಾರ ಮಾತಿಗೂ ಬಗ್ಗುವವರಲ್ಲ ಎಂದು ನೋಡಿದರೇ ಗೊತ್ತಾಗುತ್ತದೆ. "ಓದವ್ವ, ಈ ಸಲ ಏನು ಸುಳ್ಳು ಹೇಳವ್ರೆ ನೋಡಣ," ಎಂದು ಕುರ್ಚಿ ಎಳೆದುಕೊಂಡರು.

ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ದಾಖಲೆ ತಿದ್ದಲಾಗಿದೆ. ಒದೆಯ ನಮೂದು ರದ್ದು. ಸ್ಟಾರ್ ಮತ್ತು ಗಾಯಾಳುಗಳ ಪದಕ, ಎರಡೂ ಮಂಜೂರು. ರುದ್ರಪ್ಪನವರು ಗೋಡೆ ಹಿಡಿದುಕೊಂಡರು. ಮುಂದಿನ ಸಾಲನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಅರ್ಜಿದಾರರು ತಮ್ಮ ಪ್ರಾಣಿಯ ಹೆಸರು ತಿಳಿಸಿದ್ದರಿಂದ ಪಶುವೈದ್ಯರ ಮೂಲ ರಿಜಿಸ್ಟರನ್ನೇ ಹುಡುಕಿಸಲಾಯಿತು, ಅದರ ಅಂಚಿನಲ್ಲಿ ವೈದ್ಯರು ಕೈಯಾರೆ ಆ ಹೆಸರನ್ನೇ ಬರೆದು, 'ನಡೆಸುವವನಿಗೂ ಇದೇ ಶೆಲ್ಲಿನಿಂದ ಗಾಯ, ಇಬ್ಬರನ್ನೂ ಒಂದೇ ಗಾಡಿಯಲ್ಲಿ ತಂದರು' ಎಂದು ಸೇರಿಸಿದ್ದಾರೆ, ಎಂದಿತ್ತು. ಆ ಸಾಲನ್ನು ನುಂಗಿ ಮುಂದಕ್ಕೆ ಹೋದೆ.

"ನಿಲ್ಸು. ಅಲ್ಲೇನೋ ಬಿಟ್ಟೆ ನೀನು," ಎಂದರು ಶಾರದಮ್ಮ. ಕಣ್ಣು ಮಂಜಾಗಿತ್ತೇ ಹೊರತು ಕಿವಿ ಚುರುಕಾಗಿತ್ತು.

ರುದ್ರಪ್ಪನವರ ಕಡೆ ನೋಡಿದೆ. ಅವರು ಅಟೆನ್ಶನ್‌ನಲ್ಲಿ ನಿಂತು ಕಣ್ಣು ಮುಚ್ಚಿಕೊಂಡಿದ್ದರು. ಬೇರೆ ದಾರಿ ಇರಲಿಲ್ಲ, ಓದಿದೆ. ಹೊನ್ನಿ.

ಶಾರದಮ್ಮ ಕುರ್ಚಿಯನ್ನು ಗಂಡನ ಕಡೆ ತಿರುಗಿಸಿಕೊಂಡರು.

"ಹೇಸರಗತ್ತೆಗೇನ್ರೀ?" ಎಂದರು ಶಾರದಮ್ಮ.

"ಹೂಂ."

"ನನ್ನ ಹೆಸ್ರಾ?"

"ಹೂಂ."

"ಅದೇನಾಯ್ತು ಆಮೇಲೆ?"

"ನನ್ನ ಮುಂದೆ ನಿಂತಿತ್ತು. ಚೂರು ಅದಕ್ಕೇ ಜಾಸ್ತಿ ಬಿತ್ತು. ಉಳೀಲಿಲ್ಲ."

ಶಾರದಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. ಸೌದೆ ಹುಡುಕುತ್ತಾರೆ ಎಂದು ನಾನು ಕಾಯುತ್ತಿದ್ದೆ. "ಸರಿಯಾಗೇ ಇಟ್ಟಿದೀರ ಬಿಡಿ," ಎಂದರು. "ಮೊದ್ಲು ಆ ಹೊನ್ನಿ ನಿಮ್ ಭಾರ ಹೊತ್ತು ಸತ್ಲು. ಆಮೇಲೆ ಈ ಹೊನ್ನಿ ಹೊತ್ತಳು. ಇಬ್ರಲ್ಲಿ ಪುಣ್ಯ ಮಾಡಿದ್ದು ಅವ್ಳೇ, ಬೇಗ ಬಿಡುಗಡೆ ಆಯ್ತು."

ಹೇಳಿ ನಕ್ಕುಬಿಟ್ಟರು. ನಗುತ್ತಾ ಅತ್ತರು. ರುದ್ರಪ್ಪನವರು ಕಣ್ಣು ಬಿಟ್ಟರು.

ಅವರನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ನಾನು ಲಕೋಟೆಯಲ್ಲಿ ಇನ್ನೇನಿದೆ ಎಂದು ನೋಡಿದೆ. ಅವಸರದಲ್ಲಿ ಅದನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋಗಿದ್ದರು. ನಾವು ಕಳಿಸಿದ್ದ ಅರ್ಜಿಯ ಜೆರಾಕ್ಸ್ ಲಗತ್ತಿಸಿದ್ದರು. ಅದರಲ್ಲಿ 'ಹೊನ್ನಿ' ಇದೆ. ಕೆಳಗೆ ರುದ್ರಪ್ಪನವರ ಸಹಿ ಇದೆ, ಪಕ್ಕದಲ್ಲಿ ಕಡಲೆಕಾಳಿನಷ್ಟು ಶಾಯಿಯ ಕಲೆ ಇದೆ. ನನ್ನ ಕಡತದ ಪ್ರತಿ ತೆಗೆದು ನೋಡಿದೆ, ಹೆಸರಿಲ್ಲ. ಕಂಪ್ಯೂಟರಿನಲ್ಲಿ ನೋಡಿದೆ, ಅಲ್ಲೂ ಇಲ್ಲ. ಹರಿದು ಹಾಕಿದ ಹಾಳೆಗೆ ಸಹಿಯೇ ಬಿದ್ದಿರಲಿಲ್ಲ.

ನನ್ನ ಯಜಮಾನರು, ಅಳಿಸಿದೆ ಅಂದುಕೊಂಡಿದ್ದೀಯ, ಅಳಿಸಿಲ್ಲ, ಅನ್ನುತ್ತಾರೆ. ನಾನೂ ಬೇರೆಯವರಿಗಾದರೆ ಹಾಗೇ ಹೇಳುತ್ತಿದ್ದೆ. ಆದರೆ ನಾವಿಬ್ಬರೂ ಬೆರಳಿಟ್ಟು ಓದಿದ್ದೆವಲ್ಲ? ನಮ್ಮವ್ವ ಇದ್ದಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು, 'ಅದರ ಹೆಸರು ಅದೇ ಬರೆಸ್ಕೊಂಡ್ತು, ಏನೀಗ?' ಎಂದು. ನಾನು ಅಷ್ಟು ದೂರ ಹೋಗಲಾರೆ. ಮೂರು ವರ್ಷದಿಂದ ಆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ನನಗೆ ಬಗೆಹರಿದಿಲ್ಲ.

ಮುಂದಿನ ಬಾವುಟದ ದಿನ ರುದ್ರಪ್ಪನವರು ಕೋಟಿನ ಮೇಲೆ ಎರಡನ್ನೂ ಹಾಕಿಕೊಂಡು ಕೂತಿದ್ದರಂತೆ. ಯಾರೂ ಕಿಸಕ್ಕೆನ್ನಲಿಲ್ಲವಂತೆ. ಅದಾದ ವಾರಕ್ಕೆ ಶಾರದಮ್ಮನವರು ಒಬ್ಬರೇ ಅಂಗಡಿಗೆ ಬಂದು ಆಧಾರ್ ಕಾರ್ಡು ಮೇಜಿನ ಮೇಲಿಟ್ಟರು.

"ಅವ್ರದ್ದು ಸರಿ ಮಾಡ್ಸಿದೆಯಲ್ಲ, ನಂದೂ ಸರಿ ಮಾಡ್ಸು. ಕತ್ತೆ ಹೆಸ್ರು ಸರ್ಕಾರದ ದಾಖ್ಲೇಲಿದೆ, ನನ್ನ ಹೆಸ್ರಿಲ್ಲ. ಹೊನ್ನಮ್ಮ ಅಂತ ಹಾಕು."

ಅರ್ಜಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಅವರಿಗೆ ಕೊಡುವ ಮೊದಲು ಮೂರು ಸಲ ಓದಿದೆ. ಅವರು ಹೇಳಿದ್ದಷ್ಟೇ ಇತ್ತು, ಒಂದು ಮಾತೂ ಹೆಚ್ಚಿಲ್ಲ. ನನಗೆ ಯಾಕೋ ಸ್ವಲ್ಪ ಬೇಜಾರಾಯಿತು.