ಪನೀರಿನ ನೀರಿನ ಮಾಸ್ಟ್ರು

ಮಾಸ್ಟ್ರ ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಬಟಾಟೆ ಗಾತ್ರದ ಒಂದು ಗಂಟಿತ್ತು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊತ್ತು ಹೊತ್ತು ಅಲ್ಲಿನ ಚರ್ಮ ಕಪ್ಪಾಗಿ, ಗಟ್ಟಿಯಾಗಿ ಹೋಗಿತ್ತು. "ಮಾಸ್ಟ್ರೇ, ಮಾಲು ಒಂದು ಇಳಿಸಲಿಕ್ಕೆ ಬಾಕಿ ಉಂಟು," ಎಂದು ನಾನು ಕೆಣಕಿದರೆ, "ನಿನ್ನ ತೋಳು ನೋಡ್ಕೊ ಮೊದಲ. ಒಣಾ ಶ್ಯಾವಿಗಿ ಎಳಿ ಇದ್ದಂಗ ಐತಿ," ಎನ್ನುತ್ತಿದ್ದರು. ಸುಳ್ಳೇನಲ್ಲ.

ಬೆಳಗ್ಗೆ ಮೂಟೆ ಹೊರುವುದು, ಸಂಜೆ ನಮ್ಮ ಬಿಲ್ಡಿಂಗಿನ ಹಿಂದಿನ ತಗಡಿನ ಮಾಡಿನ ಜಿಮ್ಮಿನಲ್ಲಿ ಹುಡುಗರಿಗೆ ಕಸರತ್ತು ಕಲಿಸುವುದು. ವಿಜಯಪುರದಿಂದ ಬಂದ ಆ ಮನುಷ್ಯ ಬೇರೇನನ್ನೂ ಮಾಡಿದ್ದು ನಾನು ಕಂಡಿಲ್ಲ. ಹತ್ತು ಸಲ ಎತ್ತಿ ಡಂಬೆಲ್ ಕೆಳಗಿಡಲು ಹೋದರೆ ಹಿಂದಿನಿಂದ ಅವರ ಒಡಕು ದನಿ: "ಇನ್ನೊಂದ ಐತಿ!" ನಾನು ಮಿಮಿಕ್ರಿಯಲ್ಲಿ ಆ ದನಿ ತೆಗೆದರೆ, ಮಾಸ್ಟ್ರೇ ಬಂದರೆಂದು ಹುಡುಗರು ಮೊಬೈಲು ಬಚ್ಚಿಡುತ್ತಿದ್ದರು.

ನಾಲ್ಕು ಗಂಟೆಗೆ ಸರಿಯಾಗಿ ಮಾಸ್ಟ್ರು ನನ್ನಪ್ಪನ ಹೊಟೇಲಿನ ಹಿಂಬಾಗಿಲಿಗೆ ಸ್ಟೀಲ್ ಕ್ಯಾನು ಹಿಡಿದು ಬರುತ್ತಿದ್ದರು. ಹಾಲು ಒಡೆಸಿ ಪನೀರು ಮಾಡಿದ ಮೇಲೆ ಉಳಿಯುವ ನೀರು ಅವರಿಗೆ ಬೇಕು. ವ್ಯಾಯಾಮ ಮುಗಿದ ಕೂಡಲೇ ಎಲ್ಲರಿಗೂ ಒಂದೊಂದು ಲೋಟ. "ಡಬ್ಬಿ ಪ್ರೋಟೀನ್ ಪೌಡರ್ ಅಂದ್ರ ಇದನ್ನ ಒಣಗಿಸಿದ್ದು. ಮೈ ಬಿಸಿ ಇದ್ದಾಗ ಕುಡೀರಿ ಲೇ, ಆರಿತಂದ್ರ ಬಾಗಲಾ ಹಾಕ್ಕೋತೈತಿ!"

ಅದು ತಪ್ಪೆಂದು ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ನಾನು ಓದುತ್ತಿದ್ದುದೇ ಆಹಾರವಿಜ್ಞಾನ. ಕುದಿಸಿ ಒಡೆಸಿದ ಹಾಲಿನ ಪ್ರೋಟೀನು ಬಹುಪಾಲು ಪನೀರಿಗೇ ಅಂಟಿಕೊಂಡು ಹೋಗುತ್ತದೆ. ನೀರಿಗೆ ಇಳಿಯುವುದು ಅಷ್ಟಕ್ಕಷ್ಟೇ. ಬಾಗಿಲಿನ ಮಾತೂ ಸುಳ್ಳು. ದುಡಿದ ಸ್ನಾಯು ಮರುದಿನದವರೆಗೂ ಪ್ರೋಟೀನಿಗೆ ಬಾಯಿ ತೆರೆದುಕೊಂಡೇ ಇರುತ್ತದೆ. ಆದರೆ ನಾನು ಹೇಳಲಿಲ್ಲ. ನನ್ನ ಮಿಮಿಕ್ರಿಯಲ್ಲಿ ಅತಿ ಹೆಚ್ಚು ನಗು ತರುತ್ತಿದ್ದದ್ದು ಮಾಸ್ಟ್ರ ಆ ಭಾಷಣವೇ.

ಆಮೇಲೆ ಅವರ ಅನ್ನನಾಳದಲ್ಲಿ ಗಡ್ಡೆ ಕಂಡಿತು. ಮೂರೇ ತಿಂಗಳಲ್ಲಿ ಮೈ ಕರಗಿತು; ಬೆನ್ನಿನ ಗಂಟೊಂದು ಹಾಗೇ ಉಳಿಯಿತು. ಎದ್ದು ನಿಲ್ಲುವಷ್ಟು ಶಕ್ತಿ ಬಂದರೆ ಮಾತ್ರ ಆಪರೇಷನ್ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಅವರ ಜೊತೆಗೆ ಉಳಿದದ್ದು ನಾನು. ಡಯಟಿಷಿಯನ್ ಪ್ರೋಟೀನ್ ಪೌಡರ್ ಬರೆದಾಗ, ಬದಲಿಗೆ ಪನೀರಿನ ನೀರು ಆದೀತೇ ಎಂದು ಮಾಸ್ಟ್ರು ಪಿಸುದನಿಯಲ್ಲಿ ಕೇಳಿದರು: "ಪನೀರ್ ಕಾ ಪಾನೀ ಚಲೇಗಾ ನಾ, ಮ್ಯಾಡಮ್?"

"ಉಸ್ ಮೇ ಕುಛ್ ನಹೀಂ ಹೋತಾ, ಬಾಬಾ." ಅದರಲ್ಲಿ ಯಾಕೆ ಏನೂ ಇಲ್ಲವೆಂದು ಆಕೆ ಬಿಡಿಸಿ ಹೇಳಿದರು. ಬರೀ ಪೌಡರ್ ಕುಡಿದರೂ ಸಾಲದು, ಕೈಕಾಲು ಆಡಿಸಿದರೇ ಅದು ಮೈಗೆ ಹತ್ತುವುದು ಎಂದೂ ಹೇಳಿ ಹೋದರು.

ಮಾಸ್ಟ್ರು ನನ್ನ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

ನೂರು ಜನರ ದನಿ ತೆಗೆಯುವವನಿಗೆ ಆಗ ತನ್ನದೇ ಸಿಗಲಿಲ್ಲ. ಹೌದೆಂದು ತಲೆಯಾಡಿಸಿದೆ.

"ಚಲೋ ಆತು ಬಿಡು. ಹೇಳಿದ್ರ, ದಿನಾ ನಿಮ್ಮಪ್ಪನ ಕೂಡ ಎರಡ ಮಾತಾಡಾಕ ಯಾವ ನೆಪ ಹೇಳ್ಕೊಂಡ ಬರ್ಲಿ ನಾ?" ಪಕ್ಕದಲ್ಲಿದ್ದ ನೀರಿನ ಬಾಟ್ಲಿಯನ್ನು ಡಂಬೆಲ್ಲಿನ ಹಾಗೆ ಕೈಗೆತ್ತಿಕೊಂಡರು. "ಎಣಸು. ನನ್ನ ದನಿ ಹೋಗೈತಿ. ನೀನ ತಗಿ."

ದಿನಕ್ಕೆ ಮೂರು ಸಲ, ಚಮಚೆಯಲ್ಲಿ ಪೌಡರ್ ಕುಡಿಸಿ, ಅವರದೇ ದನಿಯಲ್ಲಿ ಎಣಿಸಿದೆ. ಮೊದಲ ವಾರ ಹತ್ತರವರೆಗೆ ಹೋದೆವು. ಹತ್ತಾದ ಮೇಲೆ "ಇನ್ನೊಂದ ಐತಿ!" ಎಂದರೆ ಪಕ್ಕದ ಹಾಸಿಗೆಯವರು ನಗುತ್ತಿದ್ದರು, ಮಾಸ್ಟ್ರು ಎತ್ತುತ್ತಿದ್ದರು. ಎರಡನೆಯ ವಾರ ಆರಕ್ಕೆ ಇಳಿಯಿತು. ಆಮೇಲೆ ಬಾಟ್ಲಿ ಬಿಟ್ಟು ಬರೀ ಕೈ. ಕೊನೆಯ ಮಧ್ಯಾಹ್ನ ಎರಡು ಎಣಿಸಿದೆ. ಮೂರಕ್ಕೆ ಬೆರಳು ಮಾತ್ರ ಎದ್ದಿತು. "ಇನ್ನೊಂದ ಐತಿ, ಇನ್ನೊಂದ ಐತಿ," ಎಂದೆ. ಪಕ್ಕದ ಹಾಸಿಗೆಯವರು ಮುಖ ತಿರುಗಿಸಿಕೊಂಡರು.

ಈಗ ಜಿಮ್ಮಿನಲ್ಲಿ ಎಣಿಸುವವನು ನಾನು. ಸಂಜೆ ಕ್ಯಾನು ತರುವವನೂ ನಾನೇ. ಇದರಲ್ಲಿ ಹೆಚ್ಚೇನೂ ಇಲ್ಲವೆಂದು ಹೊಸ ಹುಡುಗರಿಗೆ ಮೊದಲೇ ಹೇಳಿ, ಆಮೇಲೆ ಲೋಟ ಕೊಡುತ್ತೇನೆ. ಅಷ್ಟನ್ನು ಮಾತ್ರ ನನ್ನದೇ ದನಿಯಲ್ಲಿ ಹೇಳುತ್ತೇನೆ.