ತಾಳಿ ಕಟ್ಟುವ ಹೊತ್ತಿಗೆ ಹರಿದ ಬೆಲ್ಟು

ಆಗಿನ್ನೂ ಆಣೆಯ ಕಾಲ. ನಾನು ಇಂಜಿನ್ ಮೇಸ್ತ್ರಿ. ಕೋಯಮತ್ತೂರು ಕಡೆಯ ಮಡತ್ತುಕುಳಂ ಊರಿನಲ್ಲಿ ಒಬ್ಬ ಗೌಡರ ಬಾವಿಗೆ ಹೊಸ ಆಯಿಲ್ ಇಂಜಿನ್, ಪಂಪು ಕೂರಿಸಿ, ಸಂಜೆ ಅವರ ಜೊತೆಯಲ್ಲೇ ಟೆಂಟ್ ಸಿನಿಮಾಕ್ಕೆ ಹೋದೆ. ಕುರ್ಚಿಗೆ ಆರಾಣೆ, ನೆಲಕ್ಕೆ ಎರಡಾಣೆ. ಗೌಡರು ಕುರ್ಚಿ ಬೇಡವೆಂದು ಮಣ್ಣು ಗುಡ್ಡೆ ಹಾಕಿಕೊಂಡು, ಅದರ ಮೇಲೆ ದೊರೆಯ ಹಾಗೆ ಕೂತರು.

ಪರದೆಯ ಮೇಲೆ ಕೇಡಿ ಸೇನಾಪತಿ ರಾಜಕುಮಾರಿಯನ್ನು ಹಸೆಮಣೆಗೆ ಎಳೆದು ತಂದು ತಾಳಿ ಎತ್ತಿದ. ನಾಯಕನ ಕುದುರೆ ಇನ್ನೂ ದಾರಿಯಲ್ಲಿತ್ತು. ಅಷ್ಟರಲ್ಲಿ ಎಲ್ಲ ಕತ್ತಲು! ಟೆಂಟಿನ ಹಿಂದೆ ಕರೆಂಟು ಕೊಡುತ್ತಿದ್ದ ಇಂಜಿನ್ನಿನ ಬೆಲ್ಟು ಹರಿದು ಚಿಂದಿಯಾಗಿತ್ತು. ಜನರ ಕೂಗಿಗೆ ಟೆಂಟೇ ಹಾರಿಹೋಗುವಂತಿತ್ತು. ನಾನೂ ಗೌಡರೂ ಇಂಜಿನ್ನಿನ ಹತ್ತಿರ ಓಡಿದೆವು.

"ನಮ್ಮ ಬಾವಿ ಇಂಜಿನ್ನಿನ ಬೆಲ್ಟು ಹಾಕು ಮೇಸ್ತ್ರಿ," ಅಂದ ಗೌಡರು ತಾವೇ ಸೈಕಲ್ ತುಳಿದು ಹೋಗಿ ಬೆಲ್ಟು ತಂದರು.

"ಇದು ಈ ಇಂಜಿನ್ನಿಗೆ ಒಂದು ಗೇಣು ಜಾಸ್ತಿ ಉದ್ದ ಗೌಡ್ರೇ. ಕತ್ತರಿಸಿದ್ರೆ ನಿಮ್ಮ ಪಂಪಿಗೆ ಆಗಲ್ಲ. ಕಬ್ಬಿನ ಗತಿ?"

"ಕಬ್ಬು ಎರಡು ದಿನ ತಡೀತದೆ. ಆ ಪಾಪಿ ತಾಳಿ ಕಟ್ಟಿಬಿಟ್ರೆ ಬಿಚ್ಚೋರ್ಯಾರು? ಕತ್ತರಿಸು!"

ಕತ್ತರಿಸಿ, ತುದಿ ಸೇರಿಸಿ ಹೊಲಿದು, ಇಂಜಿನ್ನಿನ ಹ್ಯಾಂಡಲ್ ತಿರುಗಿಸಿದೆ. ಬೆಳಕು ಬಂತು, ಕುದುರೆಯೂ ಬಂತು! ಆ ಸೀಟಿ, ಆ ಚಪ್ಪಾಳೆ! ಕುದುರೆ ಓಡಿಸಿದವನು ನಾನೇ ಅನ್ನುವಷ್ಟು ಹಿಗ್ಗು ನನಗೆ.

ಬೆಳಿಗ್ಗೆ ಬೇರೆ ಬೆಲ್ಟು ತರಲು ಕೋಯಮತ್ತೂರಿಗೆ ಹೊರಟೆ. ಗೌಡರು ಬಸ್ಸಿನವರೆಗೂ ಬಂದರು. ಬೇಗ ಬಾ ಅನ್ನುತ್ತಾರೆ ಅಂದುಕೊಂಡೆ.

"ಎರಡು ತಗೊಂಡು ಬಾ ಮೇಸ್ತ್ರಿ," ಅಂದರು. "ಮುಂದಿನ ವಾರ ಹೊಸ ಸಿನಿಮಾ ಹಾಕ್ತಾರಂತೆ."