ಆನೋಡಿಗೆ ಅರಿಶಿನ ಕುಂಕುಮ

ಪ್ಲಾಸ್ಮಾ ತುಂಬಿದ ಡಯೋಡಿನ ಗುಣ ಹೆಚ್ಚುಕಡಿಮೆ ನನ್ನದೇ. ಆನೋಡು, ಕ್ಯಾಥೋಡು ಎಂಬ ಎರಡು ಲೋಹದ ತುಂಡುಗಳ ನಡುವೆ ಮೊದಲೇ ಪ್ಲಾಸ್ಮಾ, ಅಂದರೆ ಕರೆಂಟು ಹರಿಯಬಲ್ಲ ಅನಿಲ, ತುಂಬಿಸಿರುತ್ತೇವೆ. ಭಾರಿ ಕರೆಂಟು ಬಿಟ್ಟರೂ ಮೊದಮೊದಲು ತುಟಿಪಿಟಕ್ಕೆನ್ನದೆ ಎಲ್ಲವನ್ನೂ ದಾಟಿಸುತ್ತದೆ. ವೋಲ್ಟೇಜು ಸೊನ್ನೆಯ ಹತ್ತಿರವೇ. ಪ್ಲಾಸ್ಮಾ ಸವೆದು ನಡುವೆ ಸಂದು ಬಿಟ್ಟಿತೋ, ರೆಪ್ಪೆ ಬಡಿಯುವುದರೊಳಗೆ ವೋಲ್ಟೇಜು ನೆತ್ತಿಗೇರುತ್ತದೆ. ವೋಲ್ಟೇಜು ಅಳೆಯುವ ಯಂತ್ರದ ಪರದೆಯ ಮೇಲೆ ಆ ಏರು ಕಂಡರೆ ನನ್ನ ಪಿಎಚ್‌ಡಿ ಉಳಿಯುತ್ತಿತ್ತು. ಶನಿವಾರವೂ ಕಾಣದಿದ್ದರೆ ಈ ವಿಷಯವನ್ನೇ ಕೈಬಿಡು ಎಂದಿದ್ದರು ಗೈಡು.

ಹಿತ್ತಾಳೆಯ ಹೊಸ ಆನೋಡನ್ನು ಮಳವಳ್ಳಿಯ ಲೇತ್ ಅಂಗಡಿಯ ಸಾಬರು ಕಡೆದುಕೊಟ್ಟಿದ್ದರು. ಫಳಫಳ ಉಜ್ಜಿ, ಬರಿಗೈಲಿ ಮುಟ್ಟಬೇಡಿ ಎಂದು ನನಗೇ ಪಾಠ ಹೇಳಿ ಕಾಗದದಲ್ಲಿ ಸುತ್ತಿದ್ದರು. ಶನಿವಾರ ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗ ನಮ್ಮವ್ವ ಅದನ್ನು ಬಿಚ್ಚಿದಳು. ಮಿಕ್ಸಿಯಾಗಲಿ ಮೊಪೆಡ್ಡಾಗಲಿ, ಮನೆಗೆ ಬಂದ ಹೊಸ ವಸ್ತು ಅವಳ ಅರಿಶಿನ ಕುಂಕುಮದಿಂದ ತಪ್ಪಿಸಿಕೊಂಡಿದ್ದೇ ಇಲ್ಲ. ಕುಂಕುಮ ನಿಲ್ಲಲಿ ಅಂತ ಕೆಳಗೆ ಹರಳೆಣ್ಣೆ ಬೇರೆ. ನಾನು ಕೂಗಾಡಿಕೊಂಡೇ ಅದನ್ನು ಚೀಲಕ್ಕೆ ಹಾಕಿ ಮಂಡ್ಯದ ಬಸ್ಸು ಹತ್ತಿದೆ. ಲ್ಯಾಬಿನಲ್ಲಿ ಸ್ಪಿರಿಟ್ಟಿನಿಂದ ಮುಂಭಾಗವನ್ನು ಒರೆಸಿದೆ. ಹಿಂದಿನ ಬೋಲ್ಟು ತೂತುಗಳನ್ನು ನೋಡುವ ಬುದ್ಧಿ ಬರಲಿಲ್ಲ.

ಗೈಡು ಬಂದು ಕೂತರು. ಶಾಟ್ ಹೊಡೆದೆವು, ಅಂದರೆ ಕೂಡಿಟ್ಟ ಕರೆಂಟನ್ನೆಲ್ಲ ಒಮ್ಮೆಲೇ ಬಿಟ್ಟೆವು. ಢಮ್ಮೆಂದಿತು, ಪರದೆಯ ಗೆರೆ ಮಾತ್ರ ಮಲಗಿದ್ದಲ್ಲಿಂದ ಏಳಲಿಲ್ಲ. ಎರಡನೆಯದೂ ಅಷ್ಟೇ. ಕೊನೆಗೆ ಅವರೇ ಡಯೋಡಿನ ನಿರ್ವಾತ ಪೆಟ್ಟಿಗೆ ಬಿಚ್ಚಿಸಿ ಆನೋಡನ್ನು ತಿರುಗಿಸಿದರು. ನಾಲ್ಕು ತೂತುಗಳಲ್ಲೂ ಎಣ್ಣೆ, ಕುಂಕುಮ. ಎಣ್ಣೆಯ ಆವಿಯೂ ಪ್ಲಾಸ್ಮಾ ಆಗಿ, ಸಂದು ಬಿಡದಂತೆ ತುಂಬಿಕೊಳ್ಳುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೈಡು ಅದನ್ನು ನೋಡಿ, ಕ್ಯಾಥೋಡಿಗೆ ಯಾಕೆ ಹಚ್ಚಿಲ್ಲ, ಅದೇನು ಪಾಪ ಮಾಡಿತ್ತು ಎಂದು ಕೇಳಿದರು. ನಾನು ತೂತುಗಳನ್ನು ಒಂದೊಂದಾಗಿ ತೊಳೆಯತೊಡಗಿದೆ.

ಒಳಗಿನ ಗಾಳಿಯನ್ನೆಲ್ಲ ಪಂಪು ಮತ್ತೆ ಹೀರುವಷ್ಟರಲ್ಲಿ ಸಂಜೆಯಾಯಿತು. ಮೂರನೇ ಶಾಟ್‌ಗೆ ಗೆರೆ ಒಂದಿಷ್ಟು ಮಲಗಿದ್ದು, ಸರ್ರನೆ ನೆಟ್ಟಗೆ ಎದ್ದಿತು. ಗೈಡು ಎದುರಿಗಿದ್ದರೂ ಕುಣಿದುಬಿಟ್ಟೆ.

ಬೈಯಲೆಂದೇ ಅವ್ವನಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ಆಯ್ತಾ ಮಗ್ಳೇ? ನಿನ್ ಕೆಲ್ಸ ಆಗೋಗಂಟ ಉಣ್ಣಾಕಿಲ್ಲ ಅಂತ ಅರಕೆ ಹೊತ್ಕಂಡಿವ್ನಿ. ಬೆಳಗ್ಗಿಂದ ಬರೀ ನೀರು ಕಣವ್ವ."

ನನಗೆ ಅಳುವೂ ಬಂತು, ನಗುವೂ ಬಂತು.

"ಆಯ್ತು ಕಣವ್ವ. ಮೊದ್ಲು ಉಂಡ್ಬುಡು, ಆಮೇಲೆ ಬೈತೀನಿ" ಅಂದೆ.